ಲೋಕೇಶನ ಕೋಣೆಯ ಹಕ್ಕಿ

ನಾಗಸಂದ್ರ
20 ಏಪ್ರಿಲ್ 2025

ಚಿ. ಕೃಪಾಳಿಗೆ ಮಾವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು. ಬರೆದಿದ್ದೇನೆ ಎಂದುಕೋ. ಮೊನ್ನೆ ನೀನು ಫೋನು ಮಾಡಿದೆ. ಬೆಳಕು ಹತ್ತಿದ್ದು ನೋಡಿ ಎತ್ತಿಕೊಂಡೆ. ಆ ಕಡೆಯಿಂದ ಜಲ್ಲಿ ಸುರಿದ ಹಾಗೆ ಒಂದು ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಜೀವಮಾನ ಕಳೆದವನ ಕಿವಿ ಇದು, ಇದನ್ನು ಬೈದು ಏನು ಪ್ರಯೋಜನ. ಮೊದಲು ಸಣ್ಣ ದನಿಗಳು ಹೋಗುತ್ತವೆ ಎಂದು ಫ್ಯಾಕ್ಟರಿ ಡಾಕ್ಟರು ಅವತ್ತೇ ಹೇಳಿದ್ದರು. ಹೆಂಗಸರದು, ಮಕ್ಕಳದು, ಹಕ್ಕಿಗಳದು. ತುಮಕೂರು ರಸ್ತೆಯ ಲಾರಿ ನನಗೆ ಈಗಲೂ ಕೇಳುತ್ತದೆ, ನಿನ್ನ ದನಿ ಕೇಳಿಸುವುದಿಲ್ಲ. ಆದ್ದರಿಂದ ಕಾಗದ. ಮೊಬೈಲಿನಲ್ಲಿ ಬರೆಯಲು ಹೋದರೆ ನನ್ನ ಬೆರಳಿಗೆ ಒಂದೇ ಸಲ ಮೂರು ಅಕ್ಷರ ಬೀಳುತ್ತವೆ.

ಟು ಕಮ್ ಟು ದಿ ಪಾಯಿಂಟ್. ನಮ್ಮ ಹಿತ್ತಲಿನ ಶೆಡ್ಡನ್ನು ಬಾಡಿಗೆಗೆ ಹಿಡಿದವರು ಗೋಡೆಗೆ ಒರಗಿಸಿ ಕಬ್ಬಿಣದ ಪೈಪುಗಳನ್ನು ಪೇರಿಸಿಟ್ಟಿದ್ದರಲ್ಲ, ಅದರಲ್ಲಿ ಒಂದರೊಳಗೆ ಮಡಿವಾಳ ಹಕ್ಕಿ ಗೂಡು ಕಟ್ಟಿತ್ತು. ಯಾರಿಗೂ ಗೊತ್ತಿಲ್ಲ. ಕ್ರೇನಿನಲ್ಲಿ ಎತ್ತಿ ಲಾರಿಗೆ ಹಾಕುವಾಗ ಪೈಪು ಜಾರಿ ಬಿತ್ತು. ತಾಯಿ ಒಳಗೇ ಕೂತಿತ್ತಂತೆ. ಮರಿಗಳಲ್ಲಿ ಒಂದು ಉಳಿಯಿತು. ಗಂಡು ಹಕ್ಕಿ ಕಾಂಪೌಂಡಿನ ಮೇಲೆ ಸಂಜೆಯವರೆಗೂ ಕೂತಿದ್ದು, ಮಾರನೇ ದಿನ ಕಾಣಲಿಲ್ಲ. ಗಂಡಸರ ಕಥೆ ಇಷ್ಟೇ ಎಂದು ಈಶ್ವರಮ್ಮ ಅಂದಳು. ಪಕ್ಕದ ಮನೆಯವಳು, ಅನ್ನಲಿ. ಅವಳ ಗಂಟಲು ಗಂಡಸಿನದು, ಅದಕ್ಕೇ ಅವಳೊಬ್ಬಳ ಮಾತು ನನಗೆ ಕೇಳುತ್ತದೆ.

ಮರಿಯನ್ನು ಒಳಗೆ ತಂದಿದ್ದೇನೆ. ಪುಕ್ಕವಿಲ್ಲ, ಕಣ್ಣಿಲ್ಲ, ಬರೀ ಬಾಯಿ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೊಡುತ್ತಿದ್ದೇನೆ, ಆದರೂ ಸೊರಗುತ್ತಿದೆ, ಪೂರ್ ಥಿಂಗ್. ಹಾಲ್‌ನಲ್ಲಿ ಇಡೋಣವೆಂದರೆ ಈಶ್ವರಮ್ಮನ ಬೆಕ್ಕು, ಅಡಿಗೆಮನೆಯಲ್ಲಿ ಒಗ್ಗರಣೆ ಹೊಗೆ. ಹಾಗಾಗಿ ಲೋಕೇಶನ ಕೋಣೆಯ ಬೀಗ ತೆಗೆದೆ. ನಿನ್ನನ್ನು ಕೇಳಿ ತೆಗೆಯಬೇಕಿತ್ತು. ಬಾಯಿ ತೆರೆದುಕೊಂಡಿರುವ ಜೀವಕ್ಕೆ ಅಂಚೆಯವನು ಬರುವವರೆಗೆ ಕಾಯಲು ಆಗುವುದಿಲ್ಲ.

ಕಾಲೇಜಿನಲ್ಲಿ ಲೀವ್ ಲೆಟರ್ ಒಂದನ್ನು ಚೆನ್ನಾಗಿ ಕಲಿಸಿದ್ದರು. ಅದರ ಕೊನೆ ಮಾತ್ರ ನೆನಪಿದೆ, ಆದ್ದರಿಂದ

ಯುವರ್ಸ್ ಒಬಿಡಿಯೆಂಟ್ಲಿ,
ನಿನ್ನ ಮಾವ
ವೆಂಕಟರಮಣಪ್ಪ


ಬೊಮ್ಮನಹಳ್ಳಿ
25 ಏಪ್ರಿಲ್ 2025

ಮಾವನವರಿಗೆ ನಮಸ್ಕಾರ.

ಹಾಲು, ಬ್ರೆಡ್ಡು ಎರಡನ್ನೂ ಈಗಲೇ ನಿಲ್ಲಿಸಿ. ಹಕ್ಕಿಗೆ ಹಾಲು ಅರಗುವುದಿಲ್ಲವಂತೆ. ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ಕೊಡಿ, ಮಿಡತೆಯ ಕಾಲು ಕಿತ್ತು ಕೊಡಿ. ಬಾಯಿಗೆ ನೀರು ಹನಿಸಬೇಡಿ, ಉಸಿರಿಗೆ ಹೋಗಿಬಿಡುತ್ತದೆ. ನನ್ನ ಹಳೆಯ ಡಬ್ಬಿಯಲ್ಲಿ ಹುಬ್ಬು ಕೀಳುವ ಚಿಮಟ ಇರಬೇಕು, ಅದರ ತುದಿಯಲ್ಲಿ ಹಿಡಿದು ಕೊಟ್ಟರೆ ಸುಲಭ. ಇದೆಲ್ಲ ನನಗೇನೂ ಗೊತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ನಿಮ್ಮ ಕಾಗದ ಓದುತ್ತಿದ್ದೆ, ಹೊಲಿಗೆ ಮೆಷಿನ್‌ಗಳ ಮೆಕ್ಯಾನಿಕ್ ಒಬ್ಬರು ಹೇಳಿದರು.

ಇನ್ನೊಂದು ವಿಷಯ. ಕಾಡುಹಕ್ಕಿಯನ್ನು ಸಾಕಿಕೊಳ್ಳುವ ಹಾಗಿಲ್ಲ ಮಾವ, ಕಾನೂನಿದೆ. ಹಾರಲು ಬಂದ ಮೇಲೆ ಬಿಡಲೇಬೇಕು. ಈಗಲೇ ಹೇಳಿದ್ದೇನೆ.

ಬೀಗ ತೆಗೆಯಲು ನನ್ನನ್ನು ಕೇಳಬೇಕಿರಲಿಲ್ಲ. ಆ ಮನೆ ಬಿಟ್ಟು ಹಾಸ್ಟೆಲಿಗೆ ಬಂದವಳು ನಾನು. ಅತ್ತೆ ಹೋದ ಮೇಲೆ ನಾನೂ ನೀವೂ ಇಬ್ಬರೇ ಇದ್ದರೆ ಜನ ಏನನ್ನುತ್ತಾರೋ ಎಂದು ನೀವೇ ತಾನೇ ಕಳಿಸಿದ್ದು. ಕಪಾಟಿನ ಮೇಲೆ ಹೆಲ್ಮೆಟ್ ಇದೆಯಲ್ಲ, ಅದನ್ನು ಮಾತ್ರ ಒಳಗಿಡಿ. ಹಕ್ಕಿ ಗಲೀಜು ಮಾಡಬಹುದು.

ನಿಮ್ಮ ಸೊಸೆ
ಕೃಪಾ


ನಾಗಸಂದ್ರ
15 ಜೂನ್ 2025

ಚಿ. ಕೃಪಾಳಿಗೆ ಆಶೀರ್ವಾದ.

ನಿನ್ನ ಮೆಕ್ಯಾನಿಕ್ ಹೇಳಿದ್ದು ಕರೆಕ್ಟ್. ಬದುಕಿತು. ಎದೆಯ ತುಂಬ ಕಂದು ಚುಕ್ಕೆ, ಬಾಲ ಇನ್ನೂ ಮೋಟು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ಹಾರುತ್ತದೆ. ಕಿಟಕಿಗೆ ಸೊಳ್ಳೆ ಮೆಷ್ ಬಡಿಸಿದ್ದೇನೆ, ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದ್ದೇನೆ. ಹೆಲ್ಮೆಟ್ ಒಳಗಿಡಿ ಎಂದು ನೀನು ಬರೆದಿದ್ದೆ, ಇಡಲು ಆಗಲಿಲ್ಲ. ಅದು ರಾತ್ರಿ ಮಲಗುವುದೇ ಅದರ ಮೇಲೆ. ದಿನಾ ಬೆಳಿಗ್ಗೆ ಒರೆಸುತ್ತೇನೆ. ಅವತ್ತು ಲೋಕೇಶ ಅದನ್ನು ಮನೆಯಲ್ಲೇ ಬಿಟ್ಟು ಬೈಕ್ ಹತ್ತದಿದ್ದರೆ... ಹೋಗಲಿ ಬಿಡು.

ಮೆಟ್ರೋ ಗೋಡೆಯ ಪಕ್ಕದ ಖಾಲಿ ಸೈಟಿನಲ್ಲಿ ಮಿಡತೆ ಹಿಡಿಯಲು ಹೋಗುತ್ತೇನೆ. ಈಶ್ವರಮ್ಮ ಬಾಗಿಲಿಗೆ ನೀರು ಹಾಕುತ್ತಾ, "ಏನಣ್ಣೋ, ಡ್ಯೂಟಿಗ್ ಒಂಟ್ರಾ? ಸರ್ವೀಸ್ನಾಗಿದ್ದಾಗ್ಲೂ ಇಂಗೆ ಟೈಮಿಗ್ ಸರ್ಯಾಗ್ ಒಂಟಿದ್ ನಾ ಕಾಣೆ" ಎನ್ನುತ್ತಾಳೆ. "ಕೈಗೆ ಏನಾರ ಸಿಕ್ತಾ ಇಲ್ವಾ?" ಎಂದು ಡಬ್ಬಿ ತೆಗೆದು ನೋಡುವುದು ಬೇರೆ. ಒಂದು ಮಿಡತೆ ಅವಳ ಸೆರಗಿನೊಳಕ್ಕೆ ಹಾರಿತು. ಅವತ್ತಿನಿಂದ ಡಬ್ಬಿ ಮುಟ್ಟುವುದಿಲ್ಲ.

ಊಟಕ್ಕೆ ಅದನ್ನು ಸಿಳ್ಳೆ ಹಾಕಿ ಕರೆಯುತ್ತೇನೆ. ನಮ್ಮ ಶಾಪಿನಲ್ಲಿ ಪ್ರೆಸ್‌ಗಳು ಓಡುವಾಗ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಸಿಳ್ಳೆಯೊಂದೇ ಆ ಸದ್ದನ್ನು ಸೀಳಿ ಹೋಗುತ್ತಿತ್ತು. ಆದ್ದರಿಂದ ಒಬ್ಬೊಬ್ಬನಿಗೂ ಒಂದೊಂದು ಸಿಳ್ಳೆ. ನನ್ನದು ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಬೇಕು. ಲೋಕೇಶ ಚಿಕ್ಕವನಿದ್ದಾಗಲೇ ಅದನ್ನು ಕದ್ದುಕೊಂಡ. ಗೇಟಿನ ಹತ್ತಿರ ನಿಂತು ಅದನ್ನೇ ಹಾಕಿ ಯಾರನ್ನು ಕರೆಯುತ್ತಿದ್ದ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಈಗ ಅದು ನನಗೆ ಕೇಳುವುದಿಲ್ಲ, ತುಟಿಗೆ ಗಾಳಿ ತಾಕುವುದು ಗೊತ್ತಾಗುತ್ತದೆ. ಸರಿಯಾಗಿಯೇ ಬರುತ್ತಿರಬೇಕು. ಯಾಕೆಂದರೆ ಮರಿ ಬಾಯಿ ತೆರೆಯುತ್ತದೆ.

ಬಾಲ ಪೂರ್ತಿ ಬರಲಿ, ಬಿಡುತ್ತೇನೆ.

ಯುವರ್ಸ್ ಒಬಿಡಿಯೆಂಟ್ಲಿ,
ಮಾವ


ಬೊಮ್ಮನಹಳ್ಳಿ
24 ಆಗಸ್ಟ್ 2025

ಮಾವನವರಿಗೆ ನಮಸ್ಕಾರ.

ಜೂನ್‌ನಲ್ಲಿ ಬಾಲ ಬರಲಿ ಅಂದಿರಿ. ಜುಲೈ ಕಾಗದದಲ್ಲಿ ಮಳೆ ನಿಲ್ಲಲಿ ಅಂದಿರಿ. ಮುಂದಿನದ್ದರಲ್ಲಿ ಅದಕ್ಕೆ ಜಾತಕ ತೋರಿಸಬೇಕು ಅನ್ನುತ್ತೀರೇನೋ. ನಿಮಗೆ ಬಿಡಲು ಮನಸ್ಸಿಲ್ಲ ಮಾವ, ಅಷ್ಟೇ.

ಅಂಜನ್ ಅವರು ಒಂದು ಮಾತು ಹೇಳಿದರು. ಮೆಕ್ಯಾನಿಕ್ ಎಂದು ಬರೆದಿದ್ದೆನಲ್ಲ, ಅವರೇ. ಈ ಹಕ್ಕಿಯ ಮರಿಗೆ ಹಾಡು ಹುಟ್ಟಿನಿಂದ ಬರುವುದಿಲ್ಲವಂತೆ. ಅಪ್ಪ ಹಾಡುವುದನ್ನು ಕೇಳಿ ಕೇಳಿ ಕಲಿಯಬೇಕಂತೆ. ಗಂಡಾದರೆ ಶಿವರಾತ್ರಿ ಹೊತ್ತಿಗೆ ಹಾಡಲು ಶುರು ಮಾಡುತ್ತದೆ. ಆ ಹಾಡು ಸರಿಯಿಲ್ಲದಿದ್ದರೆ ಅದಕ್ಕೆ ಜಾಗವೂ ಇಲ್ಲ, ಜೊತೆಯೂ ಇಲ್ಲ. ಒಳಗಿಟ್ಟುಕೊಂಡರೆ ಕಲಿಸುವವರು ಯಾರು?

ಹಳದಿ ಮೆಟ್ರೋ ಶುರುವಾಯಿತು. ಆರ್.ವಿ. ರಸ್ತೆಯಲ್ಲಿ ಒಂದು ಸಲ ಇಳಿದು ಹತ್ತಿದರೆ ನಾಗಸಂದ್ರ. ದೂರ ಅನ್ನುವ ನೆಪ ನನಗೂ ಉಳಿಯಲಿಲ್ಲ. ಬರುತ್ತೇನೆ. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಅಂದಿದ್ದು ಏನಾಯಿತು?

ನಿಮ್ಮ ಸೊಸೆ
ಕೃಪಾ


ನಾಗಸಂದ್ರ
16 ನವೆಂಬರ್ 2025

ಚಿ. ಕೃಪಾಳಿಗೆ ಆಶೀರ್ವಾದ.

ಗಂಡು. ಚುಕ್ಕೆಯೆಲ್ಲ ಉದುರಿ ತಲೆ, ಬೆನ್ನು, ಎದೆ ಮಿರಿಮಿರಿ ಕಪ್ಪಾಗಿದೆ, ಹೊಟ್ಟೆ ಬಿಳಿ. ರೆಕ್ಕೆಗೆ ಇಸ್ತ್ರಿ ಮಾಡಿದ ಹಾಗೆ ಬಿಳಿ ಪಟ್ಟಿ. ಕೋಣೆಯಲ್ಲಿ ಮಿಡತೆ ಬಿಟ್ಟರೆ ತಾನೇ ಬೆನ್ನಟ್ಟಿ ಹಿಡಿಯುತ್ತದೆ, ನನ್ನ ಚಿಮಟ ಅದಕ್ಕೆ ಬೇಕಿಲ್ಲ. ಹಾಗಾದರೆ ಯಾಕೆ ಬಿಟ್ಟಿಲ್ಲ ಎಂದು ನೀನು ಕೇಳುತ್ತೀಯ. ಚಳಿ ಜಾಸ್ತಿ. ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ಸಾಯಂಕಾಲ ಅದು ಹೆಲ್ಮೆಟ್ ಮೇಲೆ ಕೂತು ಬಾಲ ನಿಗುರಿಸುತ್ತದೆ. ಕೊಕ್ಕು ಸ್ವಲ್ಪ ತೆರೆಯುತ್ತದೆ, ಗಂಟಲು ಆಡುತ್ತದೆ. ಹಾಡುತ್ತಿದೆಯೋ, ಬರೀ ಉಸಿರಾಡುತ್ತಿದೆಯೋ ನನಗೆ ತಿಳಿಯದು. ನಾನು ಎದುರು ಕೂತು ತಲೆದೂಗುತ್ತೇನೆ. ಅದಕ್ಕೆ ನಾನು ಕಿವುಡ ಎಂದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಈಶ್ವರಮ್ಮ ಕಾಂಪೌಂಡಿನ ಆಚೆಯಿಂದ ಜಗಳಕ್ಕೆ ಬಂದಿದ್ದಳು. "ಅಣ್ಣ, ಒತ್ತಾರೆಯಿಂದ ಅದೇನ್ ಸಿಳ್ಳೆ? ಬೀದೀಲಿ ಎಣ್ಮಕ್ಳು ಓಡಾಡಂಗಿಲ್ವಾ?" ನಾನು ಹಾಕೇ ಇಲ್ಲ ಕಣಮ್ಮ ಅಂದೆ. "ನಿಮಗೆಲ್ ಗೊತ್ತಾಯ್ತದೆ? ಕಾಫಿ ಸೋಸ್ತಾ ಆಕ್ತೀರಿ, ಪಂಚೆ ಅರವ್ತಾ ಆಕ್ತೀರಿ. ಬಾಯಿ ತಾನಾಗೇ ಊದ್ತದೆ, ಕಿವಿಗೆ ಸುದ್ದಿ ಓಗಲ್ಲ" ಅಂದಳು. ಇರಬಹುದು. ನನ್ನ ಬಾಯಿಯ ಮೇಲೆ ನನಗೇ ಗ್ಯಾರಂಟಿ ಇಲ್ಲದ ಕಾಲ.

ಅಂಜನ್ ಅವರಿಗೆ ನನ್ನ ಥ್ಯಾಂಕ್ಸ್ ಹೇಳು. ಈಗೀಗ ಅವರ ಹೆಸರಿಲ್ಲದ ಕಾಗದ ನಿನ್ನದು ಬರುವುದಿಲ್ಲ. ನಾನು ಏನೂ ಕೇಳುತ್ತಿಲ್ಲ. ಜಸ್ಟ್ ನೋಟ್ ಮಾಡಿದೆ.

ಅವರೆಕಾಯಿ ಬರುವ ಕಾಲಕ್ಕೆ ಬಾ. ಹಿತಕಿದ ಬೇಳೆ ಸಾರು ಮಾಡುತ್ತೇನೆ. ನಿನ್ನ ಅತ್ತೆ ಭಾಗ್ಯಮ್ಮನ ಕೈರುಚಿ ಬರುವುದಿಲ್ಲ, ಆದರೂ.

ಯುವರ್ಸ್ ಒಬಿಡಿಯೆಂಟ್ಲಿ,
ಮಾವ


ನಾಗಸಂದ್ರ
9 ಫೆಬ್ರವರಿ 2026

ಚಿ. ಕೃಪಾ,

ನಿನ್ನೆ ಏನಾಯಿತು?

ಗೇಟು ತೆಗೆಯುವವಳು ಹಾಗೇ ನಿಂತೆ. ನಾನು ಅಡಿಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ನಿನ್ನ ಚೀಲ ಕೆಳಗೆ ಬಿತ್ತು, ಕಿತ್ತಳೆ ಹಣ್ಣು ಚರಂಡಿಯವರೆಗೆ ಉರುಳಿದವು, ನೀನು ನೋಡಲೂ ಇಲ್ಲ. ಆಮೇಲೆ ಒಳಕ್ಕೆ ಓಡಿ ಬಂದೆ, ನನ್ನನ್ನು ದಾಟಿಕೊಂಡು ನೇರವಾಗಿ ಲೋಕೇಶನ ಕೋಣೆಗೆ. ಬಾಗಿಲಲ್ಲಿ ನಿಂತು ಹಕ್ಕಿಯನ್ನು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದೆ. ಏನಮ್ಮ ಎಂದು ಕೇಳಿದೆ. ನಿನ್ನ ತುಟಿ ಆಡಿತು. ಇನ್ನೊಂದು ಸಲ ಹೇಳು, ಜೋರಾಗಿ ಹೇಳು ಅಂದೆ. ನೀನು ನನ್ನ ಕಾಲು ಮುಟ್ಟಿ ಹೊರಟುಬಿಟ್ಟೆ.

ತಟ್ಟೆ ಹಾಕಿದ್ದು ಹಾಗೇ ಇತ್ತು. ಈಶ್ವರಮ್ಮ ಊಟ ಮಾಡಿ ಹೋದಳು, ಸಾರಿಗೆ ಉಪ್ಪು ಕಮ್ಮಿ ಎಂದಳು.

ನಾನು ಏನಾದರೂ ತಪ್ಪು ಮಾಡಿದ್ದರೆ ಬರೆ. ಹಕ್ಕಿಯನ್ನು ಬಿಟ್ಟಿಲ್ಲ ಎಂದು ಸಿಟ್ಟಾದರೆ ಅದನ್ನಾದರೂ ಬರೆ. ಸೈಲೆನ್ಸ್ ನನಗೆ ಅಭ್ಯಾಸವಾಗಿದೆ, ನಿನ್ನದು ಮಾತ್ರ ಆಗಿಲ್ಲ.

ಮಾವ


ಬೊಮ್ಮನಹಳ್ಳಿ
1 ಮಾರ್ಚ್ 2026

ಮಾವ,

ಈ ಕಾಗದವನ್ನು ಎಷ್ಟೋ ಸಲ ಹರಿದು ಹಾಕಿದೆ. ಹೇಳದೇ ಇರೋಣ ಅಂದುಕೊಂಡೆ. ನಿಮಗೆ ಕೇಳಿಸದ್ದನ್ನು ನಾನು ಹೇಳಿ ಏನು ಮಾಡಲಿ ಅನ್ನಿಸಿತು. ಆದರೆ ಅದು ನಿಮ್ಮದು. ನಿಮ್ಮಿಂದ ಮುಚ್ಚಿಡುವ ಹಕ್ಕು ನನಗಿಲ್ಲ.

ನಿಮ್ಮ ಹಕ್ಕಿ ನಿಮ್ಮ ಸಿಳ್ಳೆ ಹಾಕುತ್ತದೆ. ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲಿ ಮೇಲಕ್ಕೆ. ಆದರೆ ಅದು ಎತ್ತುವ ರೀತಿ ನಿಮ್ಮದಲ್ಲ ಮಾವ, ಅವರದು. ಅವರ ಕೋಣೆಯ ಕಿಟಕಿಯಿಂದಲೇ.

ನನಗೆ ಎಲ್ಲ ಗೊತ್ತಿತ್ತು. ಅವರು ಹೋಗಿ ನಾಲ್ಕು ವರ್ಷವಾಯಿತು ಅನ್ನುವುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಓಡಿದೆ. ಬಾಗಿಲಿಗೆ ಹೋಗುವಷ್ಟರಲ್ಲಿ "ಬಂದೆ ಇರೀ" ಅಂತ ಬಾಯಿಂದ ಬಂದುಬಿಟ್ಟಿತ್ತು. ಅದು ನಿಮಗೆ ಕೇಳಿಸಲಿಲ್ಲ, ದೇವರು ದೊಡ್ಡವನು.

ಅವತ್ತು ನಾನು ಬಂದದ್ದು ನಿಮಗೆ ಒಂದು ವಿಷಯ ಹೇಳಲು. ಅಂಜನ್ ನನ್ನನ್ನು ಮದುವೆಯಾಗುತ್ತೇನೆ ಅಂದಿದ್ದಾರೆ. ಒಳ್ಳೆಯವರು. ಅವರೂ ಹೆಂಡತಿಯನ್ನು ಕಳೆದುಕೊಂಡವರು, ಹೆಚ್ಚು ಮಾತಿಲ್ಲ. ನನ್ನ ಮಾವನನ್ನು ಕೇಳದೆ ಏನೂ ಹೇಳುವುದಿಲ್ಲ ಅಂದಿದ್ದೆ. ದಾರಿಯುದ್ದಕ್ಕೂ ಮೆಟ್ರೋದಲ್ಲಿ ಹೇಗೆ ಕೇಳುವುದು ಅಂತ ಮಾತು ಜೋಡಿಸಿಕೊಂಡು ಬಂದೆ. ಆ ಸಿಳ್ಳೆ ಕೇಳಿದ ಮೇಲೆ ಯಾವ ಬಾಯಿಂದ ಕೇಳಲಿ? ಬೇಡ ಅಂತ ಹೇಳಿಬಿಡೋಣ ಅಂತ ಇದ್ದೇನೆ. ಅವರು ಯುಗಾದಿವರೆಗೂ ಕಾಯುತ್ತಾರೆ.

ಹಕ್ಕಿಯನ್ನು ಇಟ್ಟುಕೊಳ್ಳಿ ಮಾವ. ಬಿಡಿ ಅಂತ ಇನ್ನು ನಾನು ಯಾವತ್ತೂ ಹೇಳುವುದಿಲ್ಲ.

ನಿಮ್ಮ ಸೊಸೆ
ಕೃಪಾ


ನಾಗಸಂದ್ರ
13 ಮಾರ್ಚ್ 2026

ಚಿ. ಕೃಪಾ,

ನಿನ್ನ ಕಾಗದ ಬಂದ ದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಇಷ್ಟು ವರ್ಷ ನೀನು ಗೋಗರೆದೆ, ಹೋಗಲಿಲ್ಲ. ಅವತ್ತು ಓಡಿದೆ. ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದ ಹುಡುಗಿ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು, ಗುರುವಾರ ಬನ್ನಿ, ಮೆಷಿನ್ ಬಂದಿರುತ್ತದೆ ಎಂದು. ಹಕ್ಕಿ ಕೂಗುವುದು ಕೇಳುತ್ತದಾ ಎಂದು ಕೇಳಿದೆ. ಹೌದು ಎಂದು ತಲೆಯಾಡಿಸಿದಳು.

ಮನೆಗೆ ಬಂದು ಕೋಣೆಯಲ್ಲಿ ಕೂತೆ. ಈಗ ಗೊತ್ತಿತ್ತಲ್ಲ, ಗಂಟಲು ನೋಡಿದೆ. ಎರಡು ಸಲ ಚುಟುಕಾಗಿ ಆಡಿತು. ಆಮೇಲೆ ಉಬ್ಬಿ ನಿಂತಿತು. ಕೊನೆಯಲ್ಲಿ ತಲೆ ಮೇಲಕ್ಕೆ ಎತ್ತಿತು. ನನ್ನ ಮಗನನ್ನು ಕಣ್ಣಿನಿಂದ ಕೇಳಿದೆ ಕೃಪಾ. ಅದನ್ನು ಎಷ್ಟು ಹೊತ್ತು ಕೇಳಿದೆ ಎಂದು ಬರೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಮೆಷ್‌ನ ಮೊಳೆ ಕಿತ್ತೆ.

ಮಾರನೇ ದಿನ ಮೆಷಿನ್ ಬರುವುದಿತ್ತು. ಒಂದು ದಿನ ಕಾಯಬಹುದಿತ್ತಲ್ಲ ಎಂದು ನೀನು ಅನ್ನುತ್ತೀಯ. ಕೇಳಿಸಿಕೊಂಡಿದ್ದರೆ ಬಿಡುತ್ತಿರಲಿಲ್ಲ. ಅದಕ್ಕೇ ಬುಧವಾರ.

ಮೊದಲು ಅದಕ್ಕೆ ತಿಳಿಯಲಿಲ್ಲ. ಹೆಲ್ಮೆಟ್ ಮೇಲೆ ಕೂತು ನನ್ನನ್ನೇ ನೋಡಿತು. ಆಮೇಲೆ ಕಿಟಕಿಯ ಸರಳಿಗೆ ಬಂತು, ಹೊರಗಿನ ಗಾಳಿಗೆ ಪುಕ್ಕ ಎದ್ದಿತು. ಅಲ್ಲಿಂದ ಎದುರಿನ ಹೊಂಗೆ ಮರ. ಎಲ್ಲಿತ್ತೋ ಇನ್ನೊಂದು ಗಂಡು ಮಡಿವಾಳ, ಬಾಣದ ಹಾಗೆ ಬಂದು ಅಟ್ಟಿಸಿಕೊಂಡು ಹೋಯಿತು. ಮೆಟ್ರೋ ಕಂಬಗಳ ಆಚೆ ಎರಡೂ ಕಾಣದಾದವು. ಅಂಜನ್ ಹೇಳಿದ್ದು ಸರಿ. ನಾನು ಕಲಿಸಿದ ಹಾಡಿಗೆ ಹೊರಗೆ ಜಾಗವಿಲ್ಲ. ಒದೆ ತಿಂದು ಅವರದನ್ನು ಕಲಿತುಕೊಳ್ಳಬೇಕು, ಕಲಿಯುವಷ್ಟು ವಯಸ್ಸು ಇನ್ನೂ ಇದೆಯೋ ಇಲ್ಲವೋ.

ಸಾಯಂಕಾಲ ವಾಪಸ್ಸು ಬಂತು. ನಾನು ಕಿಟಕಿ ಮುಚ್ಚಿದ್ದೆ. ಗಾಜಿನ ಆಚೆ ಕೂತು ಮರಿಯಾಗಿದ್ದಾಗಿನ ಹಾಗೆ ಬಾಯಿ ತೆರೆಯಿತು. ಒಂದು ಸಿಳ್ಳೆ ಹಾಕಿದ್ದರೆ ಸಾಕಿತ್ತು. ಈಶ್ವರಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ತುಟಿ ಸೇರಿದ್ದನ್ನು ನೋಡಿ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು. "ಬಾಯಾಗ್ ಇಟ್ಕಳಣ್ಣ. ಲವಂಗ ಇದ್ರೆ ಊದಕ್ಕಾಗಲ್ಲ." ಹಲ್ಲಿನ ನಡುವೆ ಇಟ್ಟುಕೊಂಡು ನಿಂತೆ. ಕತ್ತಲಾಗುವ ಮುಂಚೆ ಅದು ಹಾರಿತು. ನಿನ್ನೆ ಬರಲಿಲ್ಲ.

ಈಗ ನಿನ್ನ ವಿಷಯ. ನೀನು ನನ್ನನ್ನು ಕೇಳಲು ಬಂದವಳು, ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆ ಹುಡುಗನಿಗೆ ಹೂಂ ಅನ್ನು. ಅವನೂ ಯಾವುದೋ ರೀತಿಯಲ್ಲಿ ಗೇಟಿನ ಹತ್ತಿರ ನಿಂತು ಕರೆಯುತ್ತಾನೆ. ಮೊದಮೊದಲು ನಿನ್ನ ಕಿವಿಗೆ ಹಿಡಿಸುವುದಿಲ್ಲ. ಕೇಳಿಸಿಕೋ.

ನಿನಗೆ ಮಡಿಲಕ್ಕಿ ನಮ್ಮ ಮನೆಯಿಂದ. ಹೆಣ್ಣುಮಗಳನ್ನು ಕಳಿಸುವ ಮನೆಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಮಡಿಲಿಗೆ ತುಂಬಿಸದೆ ಕಳಿಸುವ ಪದ್ಧತಿಯಿಲ್ಲ. ಗಂಡಸು ತುಂಬುವ ಹಾಗಿಲ್ಲ, ಈಶ್ವರಮ್ಮ ತುಂಬುತ್ತಾಳೆ, ನಾನು ತಟ್ಟೆ ಹಿಡಿದುಕೊಳ್ಳುತ್ತೇನೆ. ಸತ್ತ ಮಗನ ಹೆಂಡತಿಗೆ ಮಡಿಲು ತುಂಬುವುದು ಎಲ್ಲಿಯ ಶಾಸ್ತ್ರ ಎಂದು ಯಾರಾದರೂ ಅಂದರೆ, ನನಗೆ ಕೇಳಿಸಲಿಲ್ಲ ಎಂದುಬಿಡುತ್ತೇನೆ. ಈ ಕಿವಿಯಿಂದ ಅಷ್ಟಾದರೂ ಉಪಯೋಗವಾಗಲಿ.

ಯುವರ್ಸ್ ಒಬಿಡಿಯೆಂಟ್ಲಿ,
ವೆಂಕಟರಮಣಪ್ಪ


ಬೊಮ್ಮನಹಳ್ಳಿ
17 ಮಾರ್ಚ್ 2026

ಮಾವ,

ಆಯಿತು.

ಕೊಬ್ಬರಿ ಗಿಟುಕು ನೀವೇ ಆರಿಸಬೇಕು. ಅತ್ತೆ ಆರಿಸುತ್ತಿದ್ದರಲ್ಲ, ಅಲ್ಲಾಡಿಸಿ ನೋಡಿ, ಹಾಗೆ.

ಕೃಪಾ


ನಾಗಸಂದ್ರ
26 ಏಪ್ರಿಲ್ 2026

ಚಿ. ಸೌ. ಕೃಪಾಳಿಗೆ, ಅಂಜನ್ ಅವರಿಗೆ ಆಶೀರ್ವಾದ.

ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ಮಡಿಲಕ್ಕಿಯ ಅಕ್ಕಿಯಲ್ಲಿ ಪಾಯಸ ಮಾಡಿದ್ದು ತಿಳಿದು ಸಂತೋಷ. ಹಿಂದಿನ ಕಾಗದದ ಕೆಳಗೆ ನಿಮ್ಮ ಸೊಸೆ ಎಂದಿರಲಿಲ್ಲ, ಬರೀ ಕೃಪಾ ಎಂದಿತ್ತು. ನೋಡಿದೆ. ಕರೆಕ್ಟ್.

ಮೆಷಿನ್ ಮೊದಲು ಬಹಳ ಕಾಟ ಕೊಟ್ಟಿತು. ಪೆಟ್ಟಿಗೆಯಲ್ಲೇ ಇಟ್ಟುಬಿಟ್ಟಿದ್ದೆ. ನಿನ್ನ ಮದುವೆಯ ದಿನ ಹಾಕಿಕೊಂಡವನು ಆಮೇಲೆ ತೆಗೆದಿಲ್ಲ. ಸಾಸಿವೆ ಸಿಡಿಯುವುದು ಕೇಳುತ್ತದೆ. ಕಾಗದ ಮಡಚುವುದು ಕೇಳುತ್ತದೆ. ಈಶ್ವರಮ್ಮನ ದನಿ ನಾನು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿದೆ, ಹೇಳಿದೆ, ಎರಡು ದಿನ ಮಾತು ಬಿಟ್ಟಳು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೀನು "ಮಾವ, ನೀರು ಕುಡಿದ್ರಾ" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿತು. ನಿನ್ನ ದನಿ ಇಷ್ಟು ಸಣ್ಣದು ಎಂದು ಮರೆತೇಹೋಗಿತ್ತು.

ಹಕ್ಕಿಯ ಸುದ್ದಿ ಕೇಳಿದ್ದೀಯ. ಆ ಬುಧವಾರದ ಮೇಲೆ ಕಂಡಿಲ್ಲ. ಬದುಕಿದೆಯೋ ಇಲ್ಲವೋ. ಹೊಂಗೆ ಮರದಲ್ಲಿ ಬೆಳಿಗ್ಗೆ ಒಂದು ಮಡಿವಾಳ ಹಾಡುತ್ತದೆ. ಬಹಳ ಚೆನ್ನಾಗಿದೆ, ಉದ್ದ ಹಾಡು, ತಿರುವು ಮುರುವು. ನಮ್ಮದಲ್ಲ.

ಇವತ್ತಿನದು ಬರೆಯಬಾರದು ಎಂದುಕೊಂಡಿದ್ದೆ. ಬೇರೆ ಯಾರಿಗೆ ಬರೆಯಲಿ?

ಹಿತ್ತಲಲ್ಲಿ ಪಂಚೆ ಒಣಗಹಾಕುತ್ತಿದ್ದೆ. ಸಿಳ್ಳೆ ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಎಷ್ಟು ಹತ್ತಿರದಿಂದ ಎಂದರೆ, ಕಿವಿಯ ಪಕ್ಕದಲ್ಲೇ. ಪಂಚೆ ಅಲ್ಲೇ ಬಿಟ್ಟು ಗೇಟಿಗೆ ಓಡಿದೆ. ನಿನ್ನ ಕಾಲಿನ ಮಾತು ಬರೆದಿದ್ದೆಯಲ್ಲ, ನನ್ನದಕ್ಕೂ ಇವತ್ತು ಏನೂ ಗೊತ್ತಿರಲಿಲ್ಲ. ಗೇಟಿನಲ್ಲಿ ಯಾರೂ ಇಲ್ಲ. ಕಿಟಕಿಯ ಸರಳಿನ ಮೇಲೆ ಏನೂ ಇಲ್ಲ. ಹೊಂಗೆ ಮರ ನೋಡಿದೆ, ಶೆಡ್ಡಿನ ಸೂರು ನೋಡಿದೆ, ಉಸಿರು ಬಿಗಿಹಿಡಿದು ನಿಂತೆ. ಸಿಳ್ಳೆ ನಿಂತುಹೋಗಿತ್ತು.

ಉಸಿರು ಬಿಟ್ಟಾಗ ಮತ್ತೆ ಶುರುವಾಯಿತು. ಬೆರಳಿಂದ ತುಟಿ ಮುಟ್ಟಿ ನೋಡಿಕೊಂಡೆ, ಬೆರಳಿಗೆ ಗಾಳಿ ತಾಕಿತು.

ಒಳಗೆ ಬಂದು ಡಬ್ಬಿಯಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡಿದ್ದೇನೆ. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿದೆ.

ಯುವರ್ಸ್ ಒಬಿಡಿಯೆಂಟ್ಲಿ,
ವೆಂಕಟರಮಣಪ್ಪ